ಅಕ್ಕ ಗಟ್ಟಿ ಮಾಡಿದ ದೋಣಿ

ಮೊನ್ನೆ ಕುಂದಾಪುರದ ಬಸ್ಸಿನಲ್ಲಿ ಯಾರದೋ ಕ್ಯಾನಿನಿಂದ ಮೀನೆಣ್ಣೆ ಸೋರಿತು. ಎಲ್ಲರೂ ಮೂಗು ಮುಚ್ಚಿಕೊಂಡರು. ನನಗೆ ಪಕ್ಕದ ಮನೆಯ ಅಕ್ಕನ ನೆನಪಾಯಿತು...

ನಾನು ಮದುವೆಯಾಗಿ ಬೈಂದೂರಿನ ಕಡಲ ದಡಕ್ಕೆ ಬಂದಾಗ ಅವಳ ಗಂಡ ತೀರಿಹೋಗಿ ಎರಡು ಮಳೆಗಾಲ ಕಳೆದಿತ್ತು. ಅವನು ಮುಂಬೈಯ ಹೋಟೆಲಿನಲ್ಲಿ ದುಡಿದು ಕೊಂಡ ದೋಣಿ ಮರಳಿನ ಮೇಲೆ ಬಿದ್ದುಕೊಂಡಿತ್ತು. ಅದರ ಮೈ ಗಟ್ಟಿಯಿತ್ತು. ನಿಂತು ಬಲೆ ಎಳೆಯುವ ಮೇಲಿನ ಹಲಗೆಹಾಸು ಮಾತ್ರ ಬಿಸಿಲು ಮಳೆಗೆ ಬೂದಿ ಬಣ್ಣಕ್ಕೆ ತಿರುಗಿ, ಸೀಳು ಬಿಟ್ಟು, ಕಾಲಿಟ್ಟರೆ ಕುಸಿಯುತ್ತಿತ್ತು. ಇನ್ನು ಇದು ಸೌದೆಯೇ ಸೈ ಎಂದು ಅವಳ ಮೈದುನ ಕೈಚೆಲ್ಲಿದ್ದ.

ಅಕ್ಕ ಒಪ್ಪಲಿಲ್ಲ. ಸಿಕ್ಕ ಮೀನಿನಲ್ಲಿ ಪಾಲು ಕೊಡುವ ಮಾತಿನ ಮೇಲೆ ದೋಣಿಯನ್ನು ಬೇರೆಯವರಿಗೆ ಕೊಟ್ಟರೆ, ಮೀನಿನ ಬುಟ್ಟಿ ಹೊತ್ತು ಬಸ್ಸು ಹತ್ತಿ ದೂರದ ಹಾಲಾಡಿಯವರೆಗೆ ಅಲೆಯುವುದು ತಪ್ಪೀತು ಎಂಬುದು ಅವಳ ಆಸೆ. ಹೊಸ ಮರ ಕೊಳ್ಳುವ ಶಕ್ತಿಯಿರಲಿಲ್ಲ. ಆಚಾರಿಯನ್ನು ಕರೆಸಿ, ಉಳಿಯುವಂಥ ಹಲಗೆಗಳನ್ನು ಕಿತ್ತು ಮಗುಚಿ ಕೂರಿಸಿದಳು. ಪೂರಾ ಲಡ್ಡಾದ ಹಲಗೆಗಳ ಜಾಗಕ್ಕೆ ತನ್ನ ಮನೆಯ ಅಟ್ಟವನ್ನೇ ಬಿಚ್ಚಿಸಿದಳು. ಮೀನು ಮಾರಿ ಬಂದವಳು ಒಡೆದ ಗಾಜಿನ ಚೂರಿನಿಂದ ಹಲಗೆ ಹೆರೆಯುತ್ತ ಕೂರುತ್ತಿದ್ದಳು. ಸಂದುಗಳಿಗೆ ಹತ್ತಿ ತುರುಕಿ ಮೀನೆಣ್ಣೆ ಹಚ್ಚಿದಳು. ಒಣಗಿದ ಮೇಲೆ ಮತ್ತೊಮ್ಮೆ. ಎಷ್ಟು ತೊಳೆದರೂ ಕೈಯ ವಾಸನೆ ಹೋಗದೆ, ಅವಳು ಚಮಚದಲ್ಲಿ ಉಣ್ಣುವುದನ್ನು ಕಂಡು ನಾನು ನಕ್ಕಿದ್ದೆ. ಅವಳೂ ನಕ್ಕಿದ್ದಳು...

ಕೆಲಸ ಮುಗಿದ ವಾರದೊಳಗೆ ಮೈದುನ ಗಿರಾಕಿಯನ್ನು ಕರೆತಂದ. ಅಣ್ಣ ಮುಂಬೈಯಲ್ಲಿದ್ದ ಕಾರಣ ದೋಣಿ ಮೊದಲಿನಿಂದಲೂ ಇವನ ಹೆಸರಿನಲ್ಲೇ ಇತ್ತಂತೆ.

"ಸೌದಿ ಅಂದದ್ದ್ ನೀನೇ ಅಲ್ದಾ?" ಅಕ್ಕ ಕೇಳಿದಳು.

"ಹೌದ್ ಅತ್ಗೆ. ಆಗ ಸೌದಿಯೇ ಆಯಿತ್ತ್," ಎಂದ ಅವನು.

ಹೆಸರಿದ್ದವನದೇ ದೋಣಿ ಎಂದು ನ್ಯಾಯಕ್ಕೆ ಕೂತ ಊರಿನ ಹಿರಿಯರೂ ಹೇಳಿ ಎದ್ದುಹೋದರು. ನನ್ನ ಅಟ್ಟದ ಹಲಗೆಯನ್ನಾದರೂ ಬಿಚ್ಚಿಕೊಡಿ ಎಂದಳು ಅಕ್ಕ. ಗಿರಾಕಿ ಒಪ್ಪಲಿಲ್ಲ. ದೋಣಿಯನ್ನು ನೀರಿಗೆ ತಳ್ಳುವಾಗ ಅವಳ ಮನೆಯ ಬಾಗಿಲು ಮುಚ್ಚಿತ್ತು. ಮರುದಿನ ಬುಟ್ಟಿ ಹೊತ್ತು ಹಾಲಾಡಿಗೆ ಹೊರಟಳು. ಆಮೇಲೆ ಅವಳು ಕಡಲಿನತ್ತ ಬಂದದ್ದನ್ನು ನಾನು ಕಾಣಲಿಲ್ಲ...

ಅಕ್ಕ ತೀರಿಹೋಗಿ ಕೆಲವು ವರ್ಷಗಳಾದವು. ಅವಳ ಉತ್ತರಕ್ರಿಯೆಯ ಬೊಜ್ಜದ ಊಟಕ್ಕೆ ಮೈದುನನೇ ಮುಂದೆ ನಿಂತು ಬಡಿಸಿದ. ಈಗಲೂ ಪೇಟೆಯಲ್ಲಿ ಸಿಕ್ಕರೆ ತಾನಾಗಿಯೇ ಮಾತೆತ್ತುತ್ತಾನೆ: "ಅತ್ಗೆ ಮಾಡ್ಸಿದ್ ಕೆಲ್ಸ ಅಂದ್ರೆ ಕೆಲ್ಸ. ಆ ದೋಣಿ ಬಾಳ ವರ್ಷ ಓಡ್ತ್ ಕಾಣಿ."

ಅವನು ಅದನ್ನು ಹೊಗಳಿಕೆ ಎಂದೇ ತಿಳಿದಿದ್ದಾನೆ. ನಾನು ತಲೆಯಾಡಿಸಿ ಮುಂದೆ ಹೋಗುತ್ತೇನೆ. ಆ ಮಾತಿಗೆ ಉತ್ತರ ಕೊಡುವ ಹಕ್ಕಿದ್ದವಳು ಈಗ ಇಲ್ಲ.