ಕಿಟಕಿ ಸೀಟಿಗೊಂದು ಪದ

ಬಸ್ಸಿನ ಮುಂದೆ ಹೋಗುತ್ತಿದ್ದ ಆಂಧ್ರದ ಲಾರಿಯ ನಂಬರ್ ಪ್ಲೇಟಿನಲ್ಲಿ ಎಕ್ಸ್ ಮತ್ತು ಕ್ಯೂ ಕಂಡೊಡನೆ ಇಂಗ್ಲಿಷ್ ಮೇಷ್ಟ್ರು ರಂಗಸ್ವಾಮಿ ಮೀಸೆಯಲ್ಲೇ ನಕ್ಕರು. ಪಾವಗಡದಿಂದ ಮಧುಗಿರಿಯ ಶಾಲೆಗೆ ದಿನಾ ಹೋಗಿಬರುವ ನಮ್ಮ ಆಟವಿದು. ಎದುರಿಗೆ ಕಂಡ ಗಾಡಿಯ ನಂಬರಿನ ನಡುವಿನ ಎರಡೂ ಅಕ್ಷರಗಳಿರುವ, ಎಲ್ಲರಿಗಿಂತ ಉದ್ದದ ಇಂಗ್ಲಿಷ್ ಪದ ಹೇಳಿದವರಿಗೆ ಕಿಟಕಿ ಸೀಟು. ಅದು ತಮ್ಮಪ್ಪನ ಆಸ್ತಿಯೇನೋ ಎಂಬಂತೆ ರಂಗಸ್ವಾಮಿಯವರೇ ಯಾವಾಗಲೂ ಅಲ್ಲಿ ಕೂತಿರುತ್ತಿದ್ದರು.

"ಎಕ್ಸ್‌ಚೆಕರ್. ಒಂಬತ್ತು ಅಕ್ಷರ," ಎಂದರು. ಸರ್ಕಾರದ ಖಜಾನೆ ಎಂದು ಅರ್ಥವನ್ನೂ ಹೇಳಿ, ನನ್ನತ್ತ ತಿರುಗಿದರು. "ಕನ್ನಡ ಮೇಡಂ, ನಿಮ್ದೇನಾದ್ರೂ ಐತಾ?"

ನನಗೆ ಥಟ್ಟನೆ ಬ್ಯಾಗಿನಲ್ಲಿದ್ದ ಮಾತ್ರೆ ನೆನಪಾಯಿತು. ಕೀಲುವಾತಕ್ಕೆಂದು ವರ್ಷಗಳಿಂದ ನುಂಗುತ್ತಿರುವ ಮಾತ್ರೆಯದು. ಹೆಸರು ನೋಡಲು ಶೀಟು ಹೊರತೆಗೆಯಬೇಕಾಗಲಿಲ್ಲ. "ಹೈಡ್ರಾಕ್ಸಿಕ್ಲೋರೋಕ್ವಿನ್," ಎಂದೆ. ಕೇಳುವ ಮೊದಲೇ ಒಂದೊಂದೇ ಅಕ್ಷರ ಬಿಡಿಸಿಯೂ ಹೇಳಿದೆ.

ಮೇಷ್ಟ್ರು ಮೊಬೈಲಿನಲ್ಲಿ ಹುಡುಕಿ, ಬೆರಳು ಮಡಚಿ ಎಣಿಸಿದರು. ನಂಬಿಕೆ ಬಾರದೆ ಮತ್ತೊಮ್ಮೆ ಎಣಿಸಿದರು. ಹದಿನೆಂಟು! ಅವರದರ ಸರಿಯಾಗಿ ಎರಡರಷ್ಟು.

ಟಿಕೆಟ್ ಹರಿಯುವುದನ್ನೇ ಮರೆತು ನಿಂತಿದ್ದ ಕಂಡಕ್ಟರ್ ತೀರ್ಪು ಕೊಟ್ಟ. "ಎದ್ದೇಳಿ ಸಾರ್, ಮೇಡಮ್ಮೋರು ಗೆದ್ಬುಟ್ರು. ಸೀಟು ಬುಟ್ಕೊಡಿ."

ಮೇಷ್ಟ್ರು ಟಿಫನ್ ಬಾಕ್ಸ್ ಎತ್ತಿಕೊಂಡು ಎದ್ದರು. ಮಧುಗಿರಿ ಬೆಟ್ಟ ಕಾಣುವವರೆಗೂ ನಾನು ಗಾಳಿಗೆ ಮುಖವೊಡ್ಡಿ ಕೂತಿದ್ದೆ. ಮಂಡಿ ನೋಯುತ್ತಲೇ ಇತ್ತು. ನೋಯಲಿ ಬಿಡು ಎಂದುಕೊಂಡೆ.

ಅಲ್ಲಿಯವರೆಗೆ ಆ ಮಾತ್ರೆಯನ್ನು ಶಪಿಸದೆ ನುಂಗಿದ ದಿನವಿಲ್ಲ. ಮರುದಿನ ಬೆಳಗ್ಗೆ ಅಡುಗೆಮನೆಯಲ್ಲಿ ನಿಂತು, ಶೀಟಿನ ಮೇಲಿದ್ದ ಹೆಸರನ್ನು ಗಟ್ಟಿಯಾಗಿ ಪೂರ್ತಿ ಓದಿ, ಗೆದ್ದವಳ ಠೀವಿಯಲ್ಲೇ ನುಂಗಿದೆ.