ಓರಗಿತ್ತಿಯ ಹುಳುಮನೆ

ರಾಮಲಕ್ಷ್ಮಮ್ಮನ ಬಗ್ಗೆ ಕೇಳಿದ್ರೆ ಮೇಲೂರಲ್ಲಿ ಯಾರು ಬೇಕಾದ್ರೂ ಬಾಯಿ ತುಂಬಾ ಹೊಗಳ್ತಾರೆ. ಕೇಳಿ ಕೇಳಿ ನನಗೆ ಸಾಕಾಗಿದೆ. ಅದಕ್ಕೇ ಈಗ ನಾನು ಹೇಳ್ತೀನಿ. ನಾನು ಓಬಳಮ್ಮ, ಅವಳ ಓರಗಿತ್ತಿ. ಅವಳ ಗಂಡ ಆವಲಪ್ಪ ನನ್ನ ಗಂಡನ ಅಣ್ಣ. ಮನೆ ಭಾಗ ಆದ್ಮೇಲೆ ನಮ್ಮಿಬ್ಬರ ಮಧ್ಯೆ ಒಂದೇ ಗೋಡೆ. ಗೋಡೆ ಆ ಕಡೆ ಅವಳ ಹುಳುಮನೆ, ಅಂದ್ರೆ ರೇಷ್ಮೆಹುಳ ಸಾಕೋ ಉದ್ದನೆ ಕೋಣೆ. ಈ ಕಡೆ ನಾನು, ನನ್ನ ಹಸು, ನನ್ನ ಹೊಟ್ಟೆಕಿಚ್ಚು. ಹೌದು, ಹೊಟ್ಟೆಕಿಚ್ಚೇ. ಮುಚ್ಚಿಡೋಕೆ ಏನಿದೆ?

ಅವಳು ಗೌರಿಬಿದನೂರು ಕಡೆಯವಳು. ಮದುವೆಯಾಗಿ ಬಂದ ಹೊಸದರಲ್ಲಿ ಹುಳ ಮುಟ್ಟಿದ್ರೆ ಸಾಕು, ಮುಖ ಕಿವುಚಿಕೊಂಡು ಸೆರಗಿಗೆ ಕೈ ಒರೆಸಿಕೊಳ್ಳೋಳು. ನಾನು ಬೆಳೆದಿದ್ದೇ ಹುಳದ ತಟ್ಟೆಗಳ ನಡುವೆ. ನಮ್ಮತ್ತೆ ಇರೋ ತನಕ ನನ್ನನ್ನ ತೋರಿಸಿ ತೆಲುಗಲ್ಲಿ 'ಮಂಚಿ ಚೆಯ್ಯಿ' ಅನ್ನೋರು, ಒಳ್ಳೇ ಕೈ ಅಂತ. ಅತ್ತೆ ಹೋದ್ರು, ಭಾಗದಲ್ಲಿ ಹುಳುಮನೆ ಅವಳ ಪಾಲಿಗೆ ಹೋಯ್ತು, ನನಗೆ ಕೊಟ್ಟಿಗೆ ಬಂತು. ಅವಳೇನು ಸುಮ್ಮನೆ ಕೂರಲಿಲ್ಲ. ಹಟ ಹಿಡಿದು ಕಲಿತಳು. ಬೆಳಕು ಹರಿಯೋಕೆ ಮುಂಚೆ ಹಿಪ್ಪುನೇರಳೆ ಸೊಪ್ಪು ಕುಯ್ದು ತಲೆ ಮೇಲೆ ಹೊತ್ತು ತರೋಳು. ಆಮೇಲಾಮೇಲೆ ಶಿಡ್ಲಘಟ್ಟದ ಮಾರುಕಟ್ಟೆಯಲ್ಲಿ ಅವಳ ಗೂಡು ಅಂದ್ರೆ ನೂಲು ತೆಗೆಯೋ ರೀಲರ್‌ಗಳು ಮುಗಿಬೀಳೋ ಹಾಗಾಯ್ತು. ಆ ದುಡ್ಡಲ್ಲೇ ಮಗಳನ್ನ ಮುದ್ದೇನಹಳ್ಳಿ ಹತ್ರ ಕಾಲೇಜಿಗೆ ಹಾಕಿದಳು. ನಾನು ಹಾಲಿನ ಕ್ಯಾನು ಹಿಡ್ಕೊಂಡು ಡೇರಿಗೆ ಹೋಗ್ತಾ ಇದನ್ನೆಲ್ಲಾ ನೋಡಿದೆ.

ಅದಾದ್ರೂ ಸಹಿಸ್ಕೊಂಡೆ. ಸಹಿಸೋಕಾಗದೇ ಇದ್ದಿದ್ದು ಹುಳ ಹಣ್ಣಾಗೋ ದಿನ. ತಿಂದು ತಿಂದು ಮೈ ಹೊಳೆಯೋ ಹಾಗಾದ ಹುಳಗಳನ್ನ ಆರಿಸಿ, ಗೂಡು ಕಟ್ಟೋಕೆ ಬಿದಿರಿನ ಚಂದ್ರಿಕೆ ಮೇಲೆ ಬಿಡಬೇಕು. ತಡ ಮಾಡೋ ಹಾಗಿಲ್ಲ, ಅದಕ್ಕೇ ಬೀದಿ ಹೆಂಗಸರೆಲ್ಲಾ ಕೈ ಹಾಕ್ತಾರೆ, ಮಧ್ಯಾಹ್ನ ಅಲ್ಲೇ ಊಟ. ನನ್ನೊಬ್ಬಳನ್ನ ಬಿಟ್ಟು. ಗೋಡೆ ಆ ಕಡೆ ಅವರು ನಗೋದು ಕೇಳಿಸೋದು, ಸಾರಿನ ವಾಸನೆ ಬರೋದು, ನಾನು ಈ ಕಡೆ ಸಗಣಿ ಬಾಚ್ತಾ ಇರ್ತಿದ್ದೆ.

ಯಾಕೆ ಅಂತೀರಾ? ಭಾಗ ಆದ ಹೊಸದರಲ್ಲಿ ಒಂದ್ಸಲ ಒಳಗೆ ಹೋಗಿ ಹುಳ ನೋಡಿ ಬಂದಿದ್ದೆ. ಅದೇ ವಾರ ಅವಳ ಬೆಳೆ ಪೂರ್ತಿ ಸತ್ತುಹೋಯ್ತು. ಓಬಳಮ್ಮನ ಕಣ್ಣು ಬಿತ್ತು ಅಂದ್ರು. ಅವಳು ಹೌದು ಅನ್ನಲಿಲ್ಲ, ಅಲ್ಲ ಅಂತಲೂ ಅನ್ನಲಿಲ್ಲ. ಅಷ್ಟು ಸಾಕಾಯ್ತು ಊರಿಗೆ. ಅವತ್ತಿಂದ ಹುಳ ಸಾಕೋ ಯಾವ ಮನೆ ಹೊಸಿಲನ್ನೂ ನಾನು ತುಳಿದಿಲ್ಲ. ಹುಟ್ಟಿದಾಗಿಂದ ಹುಳದ ಜೊತೆ ಬೆಳೆದ ಕೈ ಇದು, ನೋಡಿ.

ಹೋದ ಬೇಸಿಗೇಲಿ ಮತ್ತೆ ಹಾಗೇ ಆಯ್ತು. ನಾಲ್ಕನೇ ಜ್ವರ, ಅಂದ್ರೆ ಕೊನೇ ಸಲ ಪೊರೆ ಬಿಟ್ಟು ಎದ್ದ ಹುಳ, ಇನ್ನೇನು ಹಣ್ಣಾಗಬೇಕು, ತಲೆ ಎತ್ತಿ ಹಸಿರು ನೀರು ಕಕ್ಕಿ ಸಾಯೋಕೆ ಶುರುವಾದ್ವು. ನಾನು ಆ ಕಡೆ ತಲೆ ಕೂಡ ಹಾಕಿರಲಿಲ್ಲ. ಆದ್ರೂ ಓಬಳಮ್ಮ ಕಿಟಕಿ ಹತ್ರ ನಿಂತಿದ್ಳಂತೆ ಅಂತ ಬೀದೀಲಿ ಮಾತು ಬಂತು. ಆ ದಿನ ಊಟ ಮಾಡೋಕೂ ಮನಸ್ಸಾಗದೆ ಅತ್ತುಬಿಟ್ಟೆ.

ಆಗ ಬಂದಿದ್ದು ಭಾನುಪ್ರಿಯಾ ಮೇಡಂ. ಚಿಂತಾಮಣಿ ಕಡೆಯಿಂದ ಬರ್ತಿದ್ದ ಹುಡುಗಿ, ರೇಷ್ಮೆಹುಳ ಯಾಕೆ ಹೀಗೆ ಸಾಯುತ್ತೆ ಅಂತ ಸಂಶೋಧನೆ ಮಾಡ್ತಿದ್ಳು. ಊರಿನವರು ಕಣ್ಣಿನ ವಿಷಯ ಹೇಳಿದ್ರಂತೆ, ಅವಳು ನಗಲಿಲ್ಲವಂತೆ, ಎಲ್ಲಾ ಬರೆದುಕೊಂಡಳಂತೆ. ಆಮೇಲೆ ಆವಲಪ್ಪ ಭಾವನ ಟೊಮೊಟೊ ತೋಟಕ್ಕೆ ಅಂಟಿದ ಸಾಲಿನ ಸೊಪ್ಪು ಬೇರೆ, ದೂರದ ಸಾಲಿನ ಸೊಪ್ಪು ಬೇರೆ ಕುಯ್ದು, ಎರಡು ತಟ್ಟೆ ಹುಳಕ್ಕೆ ಬೇರೆಬೇರೆಯಾಗಿ ಹಾಕಿದ್ಳು. ದೂರದ ಸೊಪ್ಪು ತಿಂದ ಹುಳ ಚೆನ್ನಾಗಿದ್ವು. ಹತ್ತಿರದ ಸೊಪ್ಪು ತಿಂದವು ಹಸಿರು ಕಕ್ಕಿ ಸತ್ವು. ಟೊಮೊಟೊಗೆ ಹೊಡೆದ ಔಷಧಿ ಗಾಳೀಲಿ ಬಂದು ಸೊಪ್ಪಿನ ಮೇಲೆ ಕೂತಿತ್ತು. ಮೊದಲ ಸಲ ಬೆಳೆ ಹೋದ ವರ್ಷ ಏನು ಹಾಕಿದ್ರಿ ಅಂತ ಭಾವನನ್ನ ಕೇಳಿದ್ಳು. ಭಾವ ತಲೆ ಬಗ್ಗಿಸಿಕೊಂಡು, ಟೊಮೊಟೊ ಹಾಕಿದ್ದು ಅದೇ ಮೊದಲು, ಆಮೇಲೆ ಹಾಕಿದ್ದು ಈ ಸಲವೇ ಅಂದ್ರು.

ಆಮೇಲೆ ಔಷಧಿ ಗಾಳಿ ತಡೆಯೋಕೆ ಟೊಮೊಟೊ ಸುತ್ತ ಜೋಳದ ಸಾಲು ಬಂತು, ಪೂಚಿ ಕೀಟ ಹಿಡಿಯೋಕೆ ಹಳದಿ ಅಂಟುಹಾಳೆ ಬಂತು, ಔಷಧಿ ಹೊಡೆಯೋದು ಬಹಳ ಕಮ್ಮಿ ಆಯ್ತು. ಊರಲ್ಲಿ ಎಲ್ಲಾರೂ ಮೇಡಂನ ಹೊಗಳಿದ್ರು, ರಾಮಲಕ್ಷ್ಮಮ್ಮನನ್ನೂ ಹೊಗಳಿದ್ರು, ಪರೀಕ್ಷೆಗೆ ಹುಳ ಕೊಟ್ಟ ದೊಡ್ಡ ಮನಸ್ಸು ಅಂತ. ನನ್ನ ಹತ್ರ ಬಂದು ತಪ್ಪಾಯ್ತು ಅಂದೋರು ಒಬ್ಬರೂ ಇಲ್ಲ.

ಮುಂದಿನ ಬೆಳೆ ಹಣ್ಣಾಗೋ ಹಿಂದಿನ ದಿನ ಅವಳೇ ನನ್ನ ಬಾಗಿಲಿಗೆ ಬಂದ್ಳು. ನಾಳೆ ಬಾ ಅಂದ್ಳು, ಮುಖ ನೋಡದೇ.

"ಯಾಕಕ್ಕ, ಕಣ್ಣು ಮನೇಲೇ ಬಿಟ್ಟು ಬರ್ಲಾ?" ಅಂದೆ.

ಅವಳು ಹೋಗ್ತಾಳೆ ಅಂದ್ಕೊಂಡೆ. ಹೋಗಲಿಲ್ಲ. ಬಾಗಿಲು ಹಿಡ್ಕೊಂಡು ನಿಂತ್ಳು.

"ನಿನ್ನ ಕಣ್ಣಿಗೆ ನಾನು ಯಾವತ್ತೂ ಹೆದರಿಲ್ಲ ಕಣೇ. ಹೆದರಿದ್ದು ನಿನ್ನ ಕೈಗೆ. ನೀನು ಒಳಗೆ ಬಂದ್ರೆ, ಅತ್ತೆ ಹೇಳ್ತಿದ್ದ ಮಾತನ್ನೇ ಊರೆಲ್ಲಾ ಹೇಳುತ್ತೆ ಅಂತ ಸುಮ್ಮನಿದ್ದೆ."

ಇಷ್ಟು ವರ್ಷ ನನ್ನನ್ನ ಹೊರಗೆ ನಿಲ್ಲಿಸಿದ್ದು ಇದಕ್ಕಾ? ಕೋಪ ಬಂತು, ಯಾಕೆ ಬರಲ್ಲ. ಆದ್ರೆ ಅದಕ್ಕಿಂತ ಮುಂಚೆ ಒಂಥರಾ ಖುಷಿಯಾಯ್ತು. ಗೋಡೆ ಆ ಕಡೆಯೂ ಹೊಟ್ಟೆ ಉರೀತಾ ಇತ್ತಲ್ಲ.

ಮಾರನೇ ದಿನ ಬ್ಲೀಚಿಂಗ್ ನೀರಲ್ಲಿ ಕೈಕಾಲು ತೊಳ್ಕೊಂಡು ಒಳಗೆ ಹೋದೆ. ಹುಳ ಎಷ್ಟು ಚೆನ್ನಾಗಿದ್ವು ಅಂದ್ರೆ ನನಗೆ ಮೈಯೆಲ್ಲಾ ಉರೀತು. ಕಣ್ಣು ತುಂಬಾ ನೋಡಿದೆ, ಯಾವುದಕ್ಕೂ ಏನೂ ಆಗಲಿಲ್ಲ. ಕೈ ಮಾತ್ರ ತನ್ನ ಪಾಡಿಗೆ ತಾನು ಓಡ್ತಿತ್ತು. ಎಲ್ಲಾರಿಗಿಂತ ಮುಂಚೆ ನನ್ನ ಚಂದ್ರಿಕೆ ತುಂಬಿತು. ಅವಳು ನೋಡಿದ್ಳು, ನೋಡಿ ಮುಖ ಆ ಕಡೆ ತಿರುಗಿಸಿಕೊಂಡ್ಳು.

ಊಟಕ್ಕೆ ಕೂತಾಗ ಕೇಳದೇನೇ ನನ್ನ ತಟ್ಟೆಗೆ ಇನ್ನೊಂದು ಮುದ್ದೆ ತಂದು ಹಾಕಿದ್ಳು. ನಾನು ಬೇಡ ಅನ್ನಲಿಲ್ಲ. ಪೂರ್ತಿ ತಿಂದೆ.