ಎರಡು ಪಾಳಿಯ ಮಂಚ

ನಂಬುವವರು ನಂಬಿ, ಬಿಡುವವರು ಬಿಡಿ. ದೆವ್ವದ ಕಥೆ ಹೇಳಿ ಹೆದರಿಸುವ ಚಟ ನನಗಿಲ್ಲ. ಪಂದ್ಯ ಕಟ್ಟಿ ನಮ್ಮೂರ ಹುಣಸೆಮರದ ಕೆಳಗೆ ಒಬ್ಬನೇ ಮಲಗಿ ಬಂದ ಭಂಡ ನಾನು. ಆದರೆ ಭಾಂಡುಪಿನ ಆ ಲಾಡ್ಜಿನಲ್ಲಿ ಕಳೆದ ಒಂದು ರಾತ್ರಿ ಮಾತ್ರ... ಇವತ್ತು ನೆನೆದರೂ ಅಂಗಾಲು ತಣ್ಣಗಾಗುತ್ತದೆ.

ಎಪ್ಪತ್ತರ ದಶಕದ ಮೊದಲ ವರ್ಷಗಳು. ನನ್ನಣ್ಣ ಬಸವರಾಜ ದೂರದ ಶಹರಿನಲ್ಲಿ, ವಿಕ್ರೋಳಿಯ ಒಂದು ಕಾರ್ಖಾನೆಯಲ್ಲಿದ್ದ. ದೀಪಾವಳಿಗೂ ಬರಲಿಲ್ಲ, ಸುದ್ದಿಯೂ ಇಲ್ಲ. ಬೇಸಿಗೆ ಬರುವ ಹೊತ್ತಿಗೆ ಅವ್ವ ಊಟ ಬಿಟ್ಟಳು.

"ಅವನ ಮಾರಿ ನೋಡಿಕೊಂಡ ಬಾ. ಅಷ್ಟ ಸಾಕು ನನಗ," ಎಂದು ನನ್ನನ್ನು ರೈಲು ಹತ್ತಿಸಿದಳು.

ಕಾರ್ಖಾನೆಯ ಗೇಟಿನಲ್ಲಿ, ಅವನು ಕೆಲಸಕ್ಕೆ ಬರುವುದು ಬಿಟ್ಟು ಬಹಳ ದಿನವಾಯಿತು ಎಂದರು. ಅಲ್ಲಿಂದ ಅವನಿದ್ದ ಲಾಡ್ಜು ಹುಡುಕಿಕೊಂಡು ಹತ್ತಿರದ ಭಾಂಡುಪಿಗೆ ಹೋದೆ. ನಾಯಿ ಕೂಡ ಬೊಗಳದ ಗಲ್ಲಿ. ಕೆಳಗೆ ಚಹಾದ ಹೋಟೆಲು, ಮೇಲೆ ಸಾಲಾಗಿ ಹಗ್ಗದ ಮಂಚಗಳು. ಉಳಿದವರೆಲ್ಲ ನಮ್ಮ ಕಡೆಯ ಕೂಲಿಯವರು, ಮಾಲೀಕ ಶೀನಪ್ಪ ಮಾತ್ರ ಕರಾವಳಿಯವರು.

"ಇದ್ದ ಮಾರಾಯ್ರೆ," ಎಂದರು ಶೀನಪ್ಪ. "ಒಂದು ದಿನ ಕೆಲಸಕ್ಕೆ ಅಂತ ಹೋದವ ಬರ್ಲೇ ಇಲ್ಲ. ಊರಿಗೆ ಹೋದ ಅಂತ ನಾನು ಗ್ರಹಿಸಿದೆ. ಇದೇ ಅವನ ಮಂಚ. ಇವತ್ತು ಇಲ್ಲೇ ಮಲಗಿ, ನಾಳೆ ವಿಚಾರ ಮಾಡುವ."

ಅಲ್ಲಿನ ರಿವಾಜನ್ನೂ ಹೇಳಿದರು. ಒಂದು ಮಂಚಕ್ಕೆ ಇಬ್ಬರು. ಒಬ್ಬನ ಪಾಳಿ ಮುಗಿದಾಗ ಇನ್ನೊಬ್ಬನ ಪಾಳಿ ಶುರು. ಕೆಲಸದಿಂದ ಬಂದವನು ಮಂಚದ ಕಾಲು ತಟ್ಟಬೇಕು, ಮಲಗಿದವನು ತುಟಿಪಿಟಕ್ಕೆನ್ನದೆ ಎದ್ದು ಜಾಗ ಬಿಡಬೇಕು. ದೀಪ ಹಚ್ಚುವಂತಿಲ್ಲ, ಮಾತಾಡುವಂತಿಲ್ಲ. ವರ್ಷಗಟ್ಟಲೆ ಒಂದೇ ಹಾಸಿಗೆಯಲ್ಲಿ ಮಲಗಿದವರು ಒಬ್ಬರ ಮುಖ ಒಬ್ಬರು ನೋಡಿರುತ್ತಿರಲಿಲ್ಲವಂತೆ.

ರೈಲಿನ ದಣಿವು. ಬಿದ್ದವನಿಗೆ ಹೆಣದಂಥ ನಿದ್ದೆ.

ಯಾವಾಗಲೋ... ಯಾರೋ ನನ್ನ ಕಾಲಿನ ಹೆಬ್ಬೆರಳು ಹಿಚುಕಿದರು. ಮೆಲ್ಲಗೆ.

"ಏಳೊ ತಮ್ಮಾ... ನನ್ನ ಪಾಳಿ."

ಈ ಮಂಚದ ಈಗಿನ ಜೋಡಿಯಿರಬೇಕು ಎಂದುಕೊಂಡು, ಕಣ್ಣು ತೆರೆಯದೆಯೇ ಎದ್ದು ಹೊರಗಿನ ಬೆಂಚಿಗೆ ಹೋಗಿ ಕುಳಿತೆ. ಹಿಂದೆ ಹಗ್ಗ ಕಿರ್ರ್ ಎಂದಿತು. ಕೆಸರಿನ ವಾಸನೆ ಬಂತು, ಖಾಡಿಯ, ಅಂದರೆ ಸಮುದ್ರದ ಹಿನ್ನೀರಿನ, ಉಪ್ಪು ಕೆಸರಿನದು.

ಕುಳಿತವನಿಗೆ ಗಾಳಿ ತಾಗಿ ನಿದ್ದೆ ಹರಿಯಿತು. ಆಗ ನೆನಪಾಯಿತು. ಮಂಚದ ಕಾಲು ತಟ್ಟಬೇಕಿತ್ತಲ್ಲ? ಇವನೇಕೆ ನನ್ನ ಹೆಬ್ಬೆರಳು ಹಿಚುಕಿದ?

ಮಲಗಿದವರನ್ನು ಅಲುಗಿಸಿ ಎಬ್ಬಿಸಿದರೆ ಜೀವ ಬೆಚ್ಚುತ್ತದೆ ಎನ್ನುತ್ತಿದ್ದಳು ಅವ್ವ. ಅದಕ್ಕೇ ನಮ್ಮ ಮನೆಯಲ್ಲಿ ಹೆಬ್ಬೆರಳು ಹಿಚುಕಿಯೇ ಎಬ್ಬಿಸುವುದು. ಶಾಲೆಗೆ ಹೊತ್ತಾದರೆ ನನ್ನನ್ನು ಹಾಗೆ ಎಬ್ಬಿಸುತ್ತಿದ್ದವನು ಅಣ್ಣ.

ಸಂತೋಷವೋ ಭಯವೋ ತಿಳಿಯಲಿಲ್ಲ. ಒಳಗೆ ಓಡಿದೆ.

ಮಂಚದ ಮೇಲೆ ತಲೆತನಕ ಮುಸುಕು ಹಾಕಿಕೊಂಡು ಯಾರೋ ಮಲಗಿದ್ದರು. ಕಾಲು ಮಾತ್ರ ಹೊರಗಿತ್ತು. ಬಗ್ಗಿ ಆ ಹೆಬ್ಬೆರಳು ಹಿಚುಕಿದೆ. ಒದ್ದೆ. ಮಂಜುಗಡ್ಡೆಯಷ್ಟು ತಣ್ಣಗೆ...

"ಅಣ್ಣಾ?"

ಮುಸುಕಿನೊಳಗಿಂದ ದಣಿದ ದನಿ ಬಂತು. ಅವನದೇ.

"ಈಗರ ಮಲಗೀನಿ... ಎಬ್ಬಸಬ್ಯಾಡೊ."

ಮುಸುಕು ಸರಿಸಲು ಕೈ ಚಾಚಿದೆ. ಅವ್ವ ಕೇಳಿದ್ದು ಇಷ್ಟೇ ಅಲ್ಲವೇ, ಮುಖ ನೋಡಿಕೊಂಡು ಬರುವುದು? ಒಂದು ಗೇಣು ದೂರ ಅಷ್ಟೆ. ಆದರೆ ಆ ಕೆಳಗೆ ಎಂಥ ಮುಖವಿದೆಯೋ... ಕೈ ಮುಂದೆ ಹೋಗಲಿಲ್ಲ. ಅವನಿಗೆ ಹೆದರಿದೆ, ನನ್ನ ಒಡಹುಟ್ಟಿದವನಿಗೆ.

ಆಮೇಲಿನದು ನೆನಪಿಲ್ಲ. ಬೆಳಿಗ್ಗೆ ನಾನು ಬೆಂಚಿನ ಕೆಳಗೆ ಬಿದ್ದಿದ್ದೆನಂತೆ. ಶೀನಪ್ಪ ನೀರು ಚಿಮುಕಿಸಿ ಎಬ್ಬಿಸಿದರು.

"ಆ ಮಂಚದ ಜೋಡಿ ಎಲ್ರೀ?" ಎಂದೆ.

"ಅದಕ್ಕೆ ಜೋಡಿ ಇಲ್ಲ ಮಾರಾಯ್ರೆ. ಅವ ಹೋದ ಮೇಲೆ ಯಾರು ಮಲಗಿದರೂ ಅದರಲ್ಲಿ ನಿಲ್ಲುವುದಿಲ್ಲ."

ಮಂಚ ಖಾಲಿಯಿತ್ತು. ಕಾಲು ಬರುವ ಕಡೆ ಚಾದರದ ಮೇಲೆ ಹಸಿ ಕರಿ ಕೆಸರು. ಸುಡು ಬೇಸಿಗೆ, ಗಲ್ಲಿಯಲ್ಲಿ ಒಂದು ಹನಿ ನೀರಿಲ್ಲ. ಶೀನಪ್ಪ ಏನೂ ಕೇಳದೆ ಚಾದರ ಸುತ್ತಿ ತೆಗೆದರು. ಅದು ಅವರಿಗೆ ಹೊಸತಾಗಿದ್ದಂತೆ ಕಾಣಲಿಲ್ಲ.

"ರಾತ್ರಿ ಖಾಡಿಯ ಪಕ್ಕದ ಉಪ್ಪಿನ ಗದ್ದೆಯ ಒಳದಾರಿಯಿಂದ ಬರ್ಬೇಡ ಅಂತ ಎಷ್ಟು ಸಲ ಹೇಳಿದ್ದೆ ಅವನಿಗೆ," ಎಂದಷ್ಟೇ ಗೊಣಗಿದರು.

ಪೊಲೀಸರಲ್ಲಿಗೂ ಹೋದೆ, ಖಾಡಿಯ ದಂಡೆಯನ್ನೂ ಅಲೆದೆ. ಏನೂ ಸಿಗಲಿಲ್ಲ.

ಊರಿಗೆ ಬಂದಾಗ ಅವ್ವ ಬಾಗಿಲಲ್ಲೇ ನಿಂತಿದ್ದಳು.

"ಮಾರಿ ನೋಡಿದೇನೋ?"

"ಮಲಗಿದ್ದ ಯವ್ವಾ. ಎಬ್ಬಸಬ್ಯಾಡ ಅಂದ."

ಅವ್ವ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ಮತ್ತೆಂದೂ ಅವನ ಬಗ್ಗೆ ಕೇಳಲಿಲ್ಲ.

ಈಗ ನನಗೆ ವಯಸ್ಸಾಗಿದೆ. ಎಂಥ ಚಳಿಯಿದ್ದರೂ ಕಾಲು ಹೊದಿಕೆಯ ಹೊರಗಿಟ್ಟೇ ಮಲಗುತ್ತೇನೆ. ಬಂದು ಎಬ್ಬಿಸಿದರೆ ಈ ಸಲವಾದರೂ ಮುಖ ನೋಡಬೇಕು ಎಂದುಕೊಳ್ಳುತ್ತೇನೆ. ಆದರೆ ದೀಪ ಆರಿಸಿದ ಕೂಡಲೇ ಕಣ್ಣು ಬಿಗಿಯಾಗಿ ಮುಚ್ಚಿಕೊಳ್ಳುತ್ತೇನೆ.